ಒಂದೇ ಸಲ ಕೇಳಿದ ಕೋಚ್

ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿದ್ದಕ್ಕೇ ‘ಹೂಂ, ಹಾಕಿ’ ಎನ್ನುವವರನ್ನು ಮರ್ಯಾದೆ ಗೊತ್ತಿಲ್ಲದವರು ಎಂದು ತಿಳಿಯುತ್ತಿದ್ದರು. ಯಾರ ಮನೆಗೇ ಹೋಗಲಿ, ಕಾಫಿ ಬೇಕಾ ಎಂದರೆ ಮೊದಲು ‘ಅಯ್ಯೋ ಬೇಡಿ, ಈಗ ತಾನೇ ಆಯ್ತು’ ಎನ್ನಬೇಕು. ಎರಡನೇ ಸಲ ಕೇಳಿದಾಗ ‘ಸುಮ್ನೆ ನಿಮಗ್ಯಾಕೆ ತೊಂದರೆ’ ಎನ್ನಬೇಕು. ಮೂರನೇ ಸಲ ಕೇಳಿದಾಗ ‘ಸರಿ, ಅರ್ಧ ಲೋಟ’ ಎಂದು ಹೇಳಿ ಪೂರ್ತಿ ಲೋಟ ಕುಡಿಯಬೇಕು. ಹೊಟ್ಟೆ ತಾಳ ಹಾಕುತ್ತಿದ್ದರೂ ಈ ಕ್ರಮ ತಪ್ಪಬಾರದು. ಇಪ್ಪತ್ತಮೂರು ವರ್ಷ ಹೀಗೆ ಬೆಳೆದ ನಾನು ಎಂ.ಎಸ್. ಮಾಡಲು ಐರ್ಲೆಂಡಿಗೆ ಹೋದೆ. ಹೋಗಿ, ಇದೇ ಮರ್ಯಾದೆಯ ದೆಸೆಯಿಂದ, ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ಕಳೆದುಕೊಂಡೆ.

ಐರ್ಲೆಂಡಿಗೂ ಅಮೆರಿಕನ್ ಫುಟ್‌ಬಾಲಿಗೂ ಏನು ಸಂಬಂಧ ಎಂದು ಕೇಳಬೇಡಿ. ಅಲ್ಲಿನವರಿಗೇ ಗೊತ್ತಿಲ್ಲ. ಆ ದೇಶಕ್ಕೆ ತನ್ನದೇ ಆದ ಫುಟ್‌ಬಾಲ್ ಇದೆ, ಕೋಲು ಹಿಡಿದು ಆಡುವ ಹರ್ಲಿಂಗ್ ಇದೆ, ರಗ್ಬಿ ಇದೆ. ಅಷ್ಟರ ಮೇಲೂ ಸಮಾಧಾನವಿಲ್ಲದ ಹದಿನಾಲ್ಕು ಜನ ಸೇರಿ ನಮ್ಮ ಕಾಲೇಜಿನಲ್ಲಿ ಈ ಕ್ಲಬ್ ಕಟ್ಟಿಕೊಂಡಿದ್ದರು. ನಾನು ಹದಿನೈದನೆಯವನಾಗಿ ಸೇರಿದೆ. ಆಗ ಕೊರೊನಾದ ನಿಯಮದಲ್ಲಿ ಒಂದು ಮೈದಾನದಲ್ಲಿ ಹದಿನೈದು ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ನನ್ನ ನಂತರ ಬಂದವನನ್ನು ವಾಪಸ್ ಕಳಿಸಿದರು. ಜೀವನದಲ್ಲಿ ಮೊದಲ ಸಲ ನನ್ನ ಹಿಂದೆ ಒಬ್ಬ ಹೊರಗುಳಿದಿದ್ದನ್ನು ಕಂಡು, ಪಾಪ ಎನಿಸುವ ಬದಲು ಖುಷಿಯಾಯಿತು.

ಅದಕ್ಕೆ ಕಾರಣವಿದೆ. ಹೈಸ್ಕೂಲು, ಪಿಯುಸಿ, ಮೈಸೂರಿನ ಎಂಜಿನಿಯರಿಂಗ್ ಕಾಲೇಜು, ಮೂರೂ ಕಡೆ ನಾನು ಕ್ರಿಕೆಟ್ ತಂಡದ ಹನ್ನೆರಡನೆಯವನು. ನೋಟಿಸ್ ಬೋರ್ಡಿನ ಹಾಳೆಯಲ್ಲಿ ಹನ್ನೊಂದು ಹೆಸರು ಬರೆದು, ಅಡಿಯಲ್ಲಿ ಸ್ಕೇಲಿಟ್ಟು ಒಂದು ಗೆರೆ ಎಳೆದು, ಗೆರೆಯ ಕೆಳಗೆ ನನ್ನ ಹೆಸರು ಬರೆಯುತ್ತಿದ್ದರು. ನೀರಿನ ಬಾಟಲಿ ಹಿಡಿದು ಓಡುವುದು, ಗ್ಲೌಸ್ ಬದಲಿಸಿಕೊಡುವುದು, ಯಾರಿಗಾದರೂ ಕಾಲು ಹಿಡಿದುಕೊಂಡರೆ ಅವರ ಬದಲು ಬೌಂಡರಿಯಲ್ಲಿ ನಿಲ್ಲುವುದು. ಹನ್ನೆರಡನೆಯವನು ಬ್ಯಾಟ್ ಹಿಡಿಯುವಂತಿಲ್ಲ, ಬೌಲ್ ಮಾಡುವಂತಿಲ್ಲ. ಚೆಂಡು ಹಿಡಿದು ಎಸೆಯಬಹುದು, ಅಷ್ಟೆ. ಎಂಟು ವರ್ಷ ಬರೀ ಎಸೆದೂ ಎಸೆದೂ ನನ್ನ ಕೈ ಪಳಗಿತ್ತು. ಒಂದು ಸಲ, ಒಂದೇ ಒಂದು ಸಲ, ಗೆರೆಯ ಮೇಲೆ ನನ್ನ ಹೆಸರು ಬರಬೇಕು ಎಂಬುದು ಬಿಟ್ಟರೆ ಆಟದಿಂದ ನನಗೆ ಬೇರೇನೂ ಬೇಕಿರಲಿಲ್ಲ.

ಕಾಲೇಜಿದ್ದ ಕಾರ್ಕ್ ಎಂಬ ಊರಿಗೆ ನಾನು ಬಂದಿಳಿದಾಗ ಅದರ ಗೇಟು ಮುಚ್ಚಿತ್ತು. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಡಗ್ಲಸ್ ಬಡಾವಣೆಯ ಒಂದು ಬಾಡಿಗೆ ಮನೆಯ ಮೇಲಿನ ಕೋಣೆಯಲ್ಲಿ ಕೂತು, ಹತ್ತು ನಿಮಿಷದ ದಾರಿಯಲ್ಲಿದ್ದ ಕಾಲೇಜಿನ ಪಾಠವನ್ನು ವೈಫೈಯಲ್ಲಿ ಕೇಳುತ್ತಿದ್ದೆ. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲ. ಆ ಐದು ಕಿಲೋಮೀಟರಿನೊಳಗಿದ್ದ ಒಬ್ಬರೇ ಕನ್ನಡದವರೆಂದರೆ ಅಕ್ಕ.

ಅಕ್ಕ ನನ್ನ ಸ್ವಂತ ಅಕ್ಕ ಅಲ್ಲ. ಮೈಸೂರಿನ ಕಡೆಯವರು, ಅಂಗಡಿಯ ಸಾಲಿನಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಎರಡು ಮೀಟರ್ ದೂರದಿಂದಲೇ ‘ಯಾವೂರಪ್ಪ?’ ಎಂದು ಪರಿಚಯ ಮಾಡಿಕೊಂಡವರು. ರಿಂಗಾಸ್ಕಿಡಿಯ ಒಂದು ಔಷಧ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದರು. ಆದ್ದರಿಂದ ದೇಶಕ್ಕೆ ದೇಶವೇ ಮನೆಯಲ್ಲಿ ಕೂತಾಗಲೂ ಅವರು ಕೆಲಸಕ್ಕೆ ಹೋಗುತ್ತಿದ್ದರು. ಬೇರೆಯವರ ಮನೆಯೊಳಗೆ ಕಾಲಿಡುವಂತಿರಲಿಲ್ಲವಾಗಿ ಭಾನುವಾರ ಮಧ್ಯಾಹ್ನ ನಾನು ಅವರ ಗೇಟಿನ ಹೊರಗೆ ನಿಲ್ಲುತ್ತಿದ್ದೆ. ಅವರು ಪುಳಿಯೋಗರೆಯ ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು.

“ಇಷ್ಟೊಂದಾ? ಬೇಡ ಅಕ್ಕ,” ಎನ್ನುತ್ತಿದ್ದೆ ನಾನು.

ಅವರು ಮುಂದೆ ಬಂದು ಡಬ್ಬಿಯನ್ನು ನನ್ನ ಕಡೆಗೆ ಒಂದಿಷ್ಟು ತಳ್ಳಿ ಮತ್ತೆ ಹಿಂದೆ ಸರಿದು, “ತಗೋ, ನಾಚ್ಕೋಬೇಡ,” ಎನ್ನುತ್ತಿದ್ದರು.

“ನಿಮಗೇ ಸಾಕಾಗಲ್ಲ.”

ಮತ್ತೆ ಮುಂದೆ, ಮತ್ತೆ ತಳ್ಳು, ಮತ್ತೆ ಹಿಂದೆ. ಮೂರನೇ ಸಲಕ್ಕೆ ಡಬ್ಬಿ ಕಾಂಪೌಂಡಿನ ಈಚೆ ಅಂಚಿಗೆ ಬಂದಿರುತ್ತಿತ್ತು. ಆಗ ತೆಗೆದುಕೊಳ್ಳದಿದ್ದರೆ ಕೆಳಗೇ ಬೀಳುತ್ತಿತ್ತು. ಅವರ ಹತ್ತು ವರ್ಷದ ಮಗಳು ಇದನ್ನೆಲ್ಲ ಕಿಟಕಿಯಿಂದ ನೋಡಿ, “ಮಾಮ್, ಜಸ್ಟ್ ಗಿವ್ ಇಟ್ ಟು ಹಿಮ್, ಲೈಕ್!” ಎಂದು ಕಾರ್ಕಿನ ರಾಗದಲ್ಲಿ ಕೂಗುತ್ತಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು ಅವಳಿಗೆ. ಉತ್ತರ ಮಾತ್ರ ಎಂದೂ ಕನ್ನಡದಲ್ಲಿ ಬರಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ನನ್ನ ಮುಖ ಸೋರೆಕಾಯಿಯಂತೆ ಆಗಿದ್ದನ್ನು ಕಂಡು ಅಕ್ಕನೇ ಹೇಳಿದರು. “ನಮ್ ಪ್ಲಾಂಟಲ್ಲಿ ಒಬ್ರು ಅಮೆರಿಕದವ್ರಿದಾರೆ. ನಿಮ್ ಕಾಲೇಜಿನ ಯಾವುದೋ ಫುಟ್‌ಬಾಲ್ ಟೀಮಿಗೆ ಅವ್ರೇ ಕೋಚು. ಹೋಗಿ ಚೆಂಡು ಎಸಿ, ಸ್ವಲ್ಪ ಗಾಳಿ ಕುಡಿ. ಇಲ್ದಿದ್ರೆ ಆ ರೂಮಲ್ಲೇ ಕೊಳೀತೀಯ.”

ಹೀಗೆ ನಾನು ಮೈದಾನಕ್ಕೆ ಹೋದದ್ದು. ಕೋಚ್ ಐವತ್ತು ದಾಟಿದವರು, ನೀಳ ಮನುಷ್ಯ, ಕೊರಳಲ್ಲಿ ಸೀಟಿ ಮತ್ತು ಸ್ಟಾಪ್‌ವಾಚ್. ಐರ್ಲೆಂಡಿಗೆ ಬಂದು ಒಂದೂವರೆ ವರ್ಷವಾಗಿತ್ತಂತೆ, ಅದರಲ್ಲಿ ಒಂದು ವರ್ಷ ಬೀಗ ಹಾಕಿದ ದೇಶದಲ್ಲೇ ಕಳೆದಿತ್ತು. ಹಾಗಾಗಿ ಐರ್ಲೆಂಡಿನ ಹವಾಮಾನ ಅವರಿಗೆ ತಿಳಿದಿತ್ತು, ಜನ ತಿಳಿದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಮನುಷ್ಯ. “ಮಳೆ ಬರಬಹುದು” ಎಂದರೆ ಹೋಗಿ ಕೊಡೆ ತರುತ್ತಿದ್ದರು.

ಮೈ ತಾಗಿಸಿ ಬೀಳಿಸುವ ಅಸಲಿ ಆಟಕ್ಕೆ ಅನುಮತಿ ಇರಲಿಲ್ಲ. ಅದರ ಬದಲು ಪಟ್ಟಿ ಕೀಳುವ ಆಟ: ಪ್ರತಿಯೊಬ್ಬರ ಸೊಂಟದಲ್ಲಿ ಎರಡು ಬಟ್ಟೆಪಟ್ಟಿ ನೇತಾಡುತ್ತಿರುತ್ತವೆ, ಚೆಂಡು ಹಿಡಿದು ಓಡುವವನ ಪಟ್ಟಿಯನ್ನು ಎದುರಾಳಿ ಕಿತ್ತರೆ ಅವನು ಅಲ್ಲಿಗೆ ನಿಲ್ಲಬೇಕು. ಹೆಂಗಸರು ಗಂಡಸರು ಒಟ್ಟಿಗೇ ಆಡಬಹುದು. ಒಂದು ತಂಡಕ್ಕೆ ಐದು ಜನ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಎಷ್ಟು ದೂರ, ಯಾವಾಗ, ಎಲ್ಲ ಅವನದೇ ತೀರ್ಮಾನ. ಮದುವೆಮನೆಯಲ್ಲಿ ಯಾವ ಪಂಕ್ತಿಗೆ ಏನು ಹೋಗಬೇಕೆಂದು ನಿಂತಲ್ಲೇ ಹೇಳುವ ಮುಖ್ಯ ಅಡುಗೆಭಟ್ಟರ ಸ್ಥಾನ ಅದು. ತಂಡದ ಹೆಸರುಗಳ ಪಟ್ಟಿಯಲ್ಲಿ ಆ ಹೆಸರನ್ನೇ ಮೊದಲು ಬರೆಯುತ್ತಾರೆ ಎಂದು ಕೇಳಿ ನನಗೆ ನಿದ್ದೆ ಹಾರಿಹೋಯಿತು.

ಬೇಸಿಗೆಯಲ್ಲಿ ಪಂದ್ಯಗಳಿಗೆ ಅನುಮತಿ ಸಿಕ್ಕಿದರೆ ಡಬ್ಲಿನ್ನಿನ ಒಂದು ಕಾಲೇಜಿನೊಂದಿಗೆ ಒಂದೇ ಒಂದು ಪಂದ್ಯ ಎಂದು ಗೊತ್ತಾಯಿತು. ನನ್ನ ಕೋರ್ಸು ಒಂದೇ ವರ್ಷದ್ದು. ಅದು ತಪ್ಪಿದರೆ ಗೆರೆಯ ಮೇಲೆ ಹೋಗುವ ದಾರಿ ಮುಗಿಯಿತು ಎಂದೇ ಲೆಕ್ಕ.

ಆಯ್ಕೆ ಮೂರು ವಾರ ನಡೆಯಿತು. ಗೋಲ್‌ಪೋಸ್ಟಿಗೆ ಹಳೆಯ ಕಾರಿನ ಟೈರು ಕಟ್ಟಿದ್ದರು. ಒಬ್ಬೊಬ್ಬರಿಗೂ ಸ್ವಂತ ಚೆಂಡು. ಬೇರೆಯವರ ಚೆಂಡು ಮುಟ್ಟಿದರೆ ಸ್ಯಾನಿಟೈಸರ್ ಹಚ್ಚಿ ಒರೆಸಬೇಕು. ಒರೆಸಿದ ಚೆಂಡು ಎಣ್ಣೆ ಹಚ್ಚಿದ ಬದನೆಕಾಯಿಯಂತೆ ಕೈಯಿಂದ ಜಾರುತ್ತಿತ್ತು. ಟೈರಿನೊಳಗೆ ಹೋದದ್ದು, ಅಂಚಿಗೆ ತಾಗಿದ್ದು, ಪಕ್ಕದ ಹರ್ಲಿಂಗ್ ಮೈದಾನಕ್ಕೆ ಹೋದದ್ದು, ಎಲ್ಲವನ್ನೂ ಕೋಚ್ ಬರೆದುಕೊಳ್ಳುತ್ತಿದ್ದರು.

ಮೂರು ವಾರದ ಕೊನೆಗೆ ಇಬ್ಬರೇ ಉಳಿದೆವು. ಒಬ್ಬ ನಾನು. ಇನ್ನೊಬ್ಬ ವೆಸ್ಟ್ ಕಾರ್ಕಿನ ಹೈನುಗಾರರ ಮನೆಯವನು, ಪದವಿಯ ಕೊನೆಯ ವರ್ಷದಲ್ಲಿದ್ದ. ಅವನ ಒಂದು ಅಂಗೈಯಲ್ಲಿ ನನ್ನ ಎರಡೂ ಅಂಗೈ ಕೂರುತ್ತಿದ್ದವು. ಪರೀಕ್ಷೆ ಮುಗಿದರೆ ಹಸುಗಳ ಹತ್ತಿರ ಹೋಗಬೇಕು, ಆಮೇಲೆ ಆಟಕ್ಕೆ ಸಮಯವಿಲ್ಲ ಎಂದು ಅವನೇ ಒಮ್ಮೆ ಹೇಳಿದ್ದ. ಒಳ್ಳೆಯವನು. ಅವನ ಒಳ್ಳೆಯತನ ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಪೈಪೋಟಿಗೆ ನಿಂತವನು ಸ್ವಲ್ಪವಾದರೂ ಕೆಟ್ಟವನಾಗಿರಬಾರದೇ? ನಾನು ಎಸೆದ ಚೆಂಡು ಟೈರಿನೊಳಗೆ ಹೋದರೆ ನನಗಿಂತ ಮೊದಲು ಅವನೇ ‘ಗ್ರ್ಯಾಂಡ್!’ ಎಂದು ಕೂಗುತ್ತಿದ್ದ.

ಗ್ರ್ಯಾಂಡ್ ಎಂದರೆ ಆ ನಾಡಿನಲ್ಲಿ ಭರ್ಜರಿ ಎಂದಲ್ಲ. ಪರವಾಗಿಲ್ಲ, ಸಾಕು, ಬೇಡ, ಚೆನ್ನಾಗಿದೆ, ಎಲ್ಲವೂ ಅದೇ. ನನಗೂ ಅಷ್ಟರಲ್ಲಿ ಅಂಟಿತ್ತು. ಊಟ ಆಯ್ತಾ ಎಂದು ಅಮ್ಮ ಫೋನಿನಲ್ಲಿ ಕೇಳಿದರೆ “ಗ್ರ್ಯಾಂಡಾಗಾಯ್ತು” ಎನ್ನುತ್ತಿದ್ದೆ.

ಆಯ್ಕೆಯನ್ನು ಪ್ರಕಟಿಸಲು ಭಾನುವಾರ ಸಂಜೆ ಜೂಮ್ ಸಭೆ ಕರೆದರು. ಹದಿನೈದು ಚೌಕಗಳಲ್ಲಿ ಹದಿನೈದು ಮುಖ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದೆ. ಕೋಚ್ ಗಂಟಲು ಸರಿಪಡಿಸಿಕೊಂಡು ಹೇಳಿದರು: ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಒಂದೇ. ದೂರದ ಎಸೆತದಲ್ಲಿ ಇವನು ಕೂದಲೆಳೆಯಷ್ಟು ಮುಂದೆ, ಎಂದು ನನ್ನ ಹೆಸರು ಹೇಳಿದರು. ಆಮೇಲೆ ನೇರವಾಗಿ ನನ್ನನ್ನೇ ಕೇಳಿದರು.

“ನೀನು ಕ್ವಾರ್ಟರ್‌ಬ್ಯಾಕ್ ಆಗಿ ಶುರು ಮಾಡ್ತೀಯಾ?”

ಎಂಟು ವರ್ಷ ಕಾದ ಪ್ರಶ್ನೆ. ಬಾಯಿ ತೆರೆದೆ. ಇಪ್ಪತ್ತಮೂರು ವರ್ಷದ ಮರ್ಯಾದೆ ನನಗಿಂತ ಮೊದಲು ಮಾತಾಡಿತು.

“ಅಯ್ಯೋ, ನಾನ್ಯಾಕೆ ಕೋಚ್? ಅವನೇ ನನಗಿಂತ ಚೆನ್ನಾಗಿ ಎಸೀತಾನೆ.”

ಇದು ಮೊದಲನೆಯ ಬೇಡ. ಇದಕ್ಕೆ ಅರ್ಥವಿಲ್ಲ, ಇದು ಬರೀ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ. ಎರಡನೇ ಸಲ ಕೇಳಿದಾಗ ಸ್ವಲ್ಪ ತಲೆ ತಗ್ಗಿಸಿ ‘ಎಲ್ಲರೂ ಒಪ್ಪಿದರೆ’ ಎನ್ನಬೇಕೆಂದು ಸಿದ್ಧವಾಗಿ ಕೂತೆ.

“ಸರಿ,” ಎಂದು ಕೋಚ್ ನನ್ನ ಹೆಸರಿನ ಮೇಲೆ ಗೀಟು ಎಳೆದರು. ಆ ಗೀಟು ಎಳೆದ ಶಬ್ದ ಮೈಕಿನಲ್ಲಿ ಕೇಳಿಸಿತು. “ಹಾಗಾದ್ರೆ ನೀನು?”

ವೆಸ್ಟ್ ಕಾರ್ಕಿನವನ ಕಿವಿ ಕೆಂಪಾಗಿದ್ದು ಅಷ್ಟು ಸಣ್ಣ ಚೌಕದಲ್ಲೂ ಕಾಣುತ್ತಿತ್ತು. “ಛೇ, ಇಲ್ಲ ಇಲ್ಲ. ನಾನು ಹೀಗೇ ಗ್ರ್ಯಾಂಡ್. ಅವನೇ ಆಗ್ಲಿ ಬಿಡಿ.”

ನಾನು ಕುರ್ಚಿಯಲ್ಲಿ ಮುಂದಕ್ಕೆ ಬಂದೆ. ಈಗ ಖಂಡಿತ ನನ್ನನ್ನು ಮತ್ತೊಮ್ಮೆ ಕೇಳುತ್ತಾರೆ.

“ಸರಿ,” ಎಂದರು ಕೋಚ್. ಇನ್ನೊಂದು ಗೀಟು. “ಬೇರೆ ಯಾರಿಗಾದ್ರೂ ಇಷ್ಟ ಇದೆಯಾ?”

ಮೂರನೇ ಸಾಲಿನ ಚೌಕದಲ್ಲಿ ಒಂದು ಕೈ ಮೇಲೆದ್ದಿತು. ಹಾಲೆಂಡಿನವಳು, ಜೌಗು ನೆಲದ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದವಳು. ಟೈರಿನ ಪರೀಕ್ಷೆಯಲ್ಲಿ ಅವಳಿಗೆ ಬಂದಿದ್ದು ಐದನೇ ಸ್ಥಾನ.

“ಹೌದು. ನನಗೆ ಬೇಕು,” ಎಂದಳು.

“ಒಳ್ಳೇದು,” ಎಂದರು ಕೋಚ್. ಸಭೆ ಮುಗಿಯಿತು. ಇಡೀ ವ್ಯವಹಾರಕ್ಕೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಹತ್ತು ನಿಮಿಷ ಬಿಟ್ಟು ವಾಟ್ಸಾಪಿನಲ್ಲಿ ಪಟ್ಟಿ ಬಂತು. ಮೊದಲು ಅವಳ ಹೆಸರು, ಅದರಡಿ ಇನ್ನೂ ನಾಲ್ಕು. ಆಮೇಲೆ ಒಂದು ಗೆರೆ. ನಾವಿಬ್ಬರೂ ಬೇಡ ಎಂದು ನಾವಾಗಿಯೇ ಹೇಳಿದ್ದರಿಂದ ನಮ್ಮನ್ನು ರಿಸರ್ವ್ ಕ್ವಾರ್ಟರ್‌ಬ್ಯಾಕ್ ಮಾಡಲಾಗಿದೆ ಎಂದು ಗೆರೆಯ ಕೆಳಗೆ ಬರೆದಿದ್ದರು. ಏಳು ಸಮುದ್ರ ದಾಟಿ ಬಂದರೂ ಆ ಗೆರೆ ನನ್ನನ್ನು ಹುಡುಕಿಕೊಂಡು ಬಂದಿತ್ತು. ಹಾಳೆ ಹರಿಯೋಣವೆಂದರೆ ಅದು ಹಾಳೆಯೂ ಅಲ್ಲ.

ಮುಂದಿನ ಭಾನುವಾರ ಗೇಟಿನಲ್ಲಿ ಅಕ್ಕನಿಗೆ ವಿಷಯ ಹೇಳಿದೆ. ಅವರು ಡಬ್ಬಿ ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟರು.

“ಒಂದೇ ಸಲ ಕೇಳಿದ್ರಾ?”

“ಒಂದೇ ಸಲ, ಅಕ್ಕ.”

“ಎರಡನೇ ಸಲ ಕೇಳ್ಲೇ ಇಲ್ವಾ? ಸುಮ್ನೆ ಬಾಯಿಮಾತಿಗೂ?”

“ಇಲ್ಲ.”

“ಎಂಥ ಮನುಷ್ಯರಪ್ಪಾ! ಮನೇಲಿ ಯಾರೂ ಹೇಳ್ಕೊಟ್ಟಿಲ್ವಾ ಅವ್ರಿಗೆ?” ಎಂದು ಕೋಚಿನ ಇಡೀ ವಂಶವನ್ನೇ ತರಾಟೆಗೆ ತೆಗೆದುಕೊಂಡರು. “ನಾಳೆ ಕ್ಯಾಂಟೀನಲ್ಲಿ ಸಿಗ್ತಾರಲ್ಲ, ಕೇಳ್ತೀನಿ ಇರು.”

“ಅಯ್ಯೋ ಬೇಡ ಅಕ್ಕ, ದಮ್ಮಯ್ಯ!” ಎಂದೆ. ಅದು ನಿಜವಾದ ಬೇಡ. ಆದರೆ ಅದು ನನ್ನ ಮೊದಲನೆಯ ಬೇಡವಾಗಿದ್ದರಿಂದ ಅಕ್ಕ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕ್ಯಾಂಟೀನಿನಲ್ಲಿ ಗಾಜಿನ ಅಡ್ಡಗೋಡೆಯ ಆಚೆ ಈಚೆ ಕೂತು ಅಕ್ಕ ಅವರಿಗೆ ಪಾಠ ಮಾಡಿದರಂತೆ. ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದು ಮಾತ್ರ ನಿಜ. ಕೋಚ್ ಎಲ್ಲವನ್ನೂ ಬರೆದುಕೊಂಡರಂತೆ. ಪಕ್ಕದ ಮೇಜಿನಲ್ಲಿದ್ದ ಕಾರ್ಕಿನ ಹೆಂಗಸೊಬ್ಬಳು, ನಮ್ಮಲ್ಲೂ ಹಾಗೇ, ಇಷ್ಟು ದಿನ ನಿಮಗೆ ಯಾರೂ ಹೇಳಲಿಲ್ಲವೇ ಎಂದು ದನಿಗೂಡಿಸಿದಳಂತೆ. ಕೋಚಿನ ಮುಖ ನೋಡಬೇಕಿತ್ತು ಎಂದರು ಅಕ್ಕ. ಈ ಒಂದೂವರೆ ವರ್ಷದಲ್ಲಿ ತಾನು ಯಾರ್ಯಾರಿಗೆ ಚಹಾ ಕೊಡದೆ ಕಳಿಸಿದೆ ಎಂದು ಲೆಕ್ಕ ಹಾಕುತ್ತಿದ್ದರಂತೆ.

ಮಂಗಳವಾರ ಮೈದಾನದಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದರು. ತಪ್ಪಾಯಿತು, ಕ್ವಾರ್ಟರ್‌ಬ್ಯಾಕ್ ನೀನೇ ಆಗುತ್ತೀಯಾ ಎಂದರು. ಹತ್ತು ಮಾರು ಆಚೆ ಹಾಲೆಂಡಿನವಳು ಟೈರಿಗೆ ಚೆಂಡು ಎಸೆಯುತ್ತಿದ್ದಳು. ಆಯ್ಕೆಯಾದ ದಿನದಿಂದ ಅವಳು ದಿನಾ ಒಬ್ಬಳೇ ಬಂದು ನೂರು ಸಲ ಎಸೆಯುತ್ತಿದ್ದಳೆಂದು ನನಗೆ ಗೊತ್ತಿತ್ತು. ಇನ್ನೊಬ್ಬರ ಎಲೆಗೆ ಬಡಿಸಿದ್ದನ್ನು ತೆಗೆದು ನನ್ನ ಎಲೆಗೆ ಹಾಕಿದರೆ ತುತ್ತು ಗಂಟಲಲ್ಲಿ ಇಳಿಯುವುದು ಹೇಗೆ?

“ಬೇಡ ಕೋಚ್,” ಎಂದೆ.

“ಆಗ್ತೀಯಾ?” ಎಂದು ಬೆರಳು ಮಡಿಚಿದರು.

“ಬೇಡ.”

“ಆಗ್ತೀಯಾ?” ಎಂದು ಇನ್ನೊಂದು ಬೆರಳು ಮಡಿಚಿದರು.

“ಬೇಡ ಕೋಚ್. ಇದು ನಿಜವಾದ್ದು.”

ಅವರು ಬಹಳ ಸಮಾಧಾನದಿಂದ ನಿಟ್ಟುಸಿರು ಬಿಟ್ಟು, ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಹೋದರು. ನಾನು ಬೇಲಿಯ ಹತ್ತಿರ ಹೋಗಿ ಕೈಗೆ ಸಿಕ್ಕ ಹುಲ್ಲನ್ನೆಲ್ಲ ಕಿತ್ತು ಹಾಕಿದೆ. ಒಳ್ಳೆಯ ಕೆಲಸ ಮಾಡಿದರೆ ಮನಸ್ಸಿಗೆ ತೃಪ್ತಿಯಾಗುತ್ತದೆ ಎನ್ನುತ್ತಾರೆ. ನನಗೇನೂ ಆಗಲಿಲ್ಲ.

ಅಂದಿನಿಂದ ಕೋಚ್ ಎಲ್ಲರನ್ನೂ ಎಲ್ಲವನ್ನೂ ಮೂರು ಸಲ ಕೇಳತೊಡಗಿದರು. ನೀರು ಬೇಕಾ? ನೀರು ಬೇಕಾ? ನೀರು ಬೇಕಾ? ಸುಸ್ತಾಯಿತಾ, ಸುಸ್ತಾಯಿತಾ, ಸುಸ್ತಾಯಿತಾ? ಹಾಲೆಂಡಿನವಳು ಒಂದು ದಿನ ಚೆಂಡನ್ನು ನೆಲಕ್ಕೆ ಒಗೆದು, “ಬೇಡ ಅಂತ ಹೇಳಿದ್ನಲ್ಲ, ನನ್ನ ಮಾತು ಕೇಳಿಸಲ್ವಾ?” ಎಂದು ರೇಗಿದಳು. ಅವಳ ಊರಿನಲ್ಲಿ ಮೊದಲನೆಯ ಬೇಡವೇ ಕೊನೆಯದಂತೆ. ಕೋಚ್ ಪಾಪ ಅದನ್ನೂ ಬರೆದುಕೊಂಡರು.

ಪಂದ್ಯಗಳಿಗೆ ಅನುಮತಿ ಬಂತು. ಡಬ್ಲಿನ್ನಿನವರು ಕಾರುಗಳಲ್ಲಿ ಇಬ್ಬಿಬ್ಬರಾಗಿ, ಕಿಟಕಿ ಇಳಿಸಿಕೊಂಡು, ಚಳಿಗೆ ಮೂಗು ಕೆಂಪಾಗಿಸಿಕೊಂಡು ಬಂದಿಳಿದರು. ಬೇಸಿಗೆ ಎಂದರೆ ಅಲ್ಲಿ ಅಷ್ಟೇ. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ, ದಾರಿಹೋಕ ನಾಯಿಯೊಂದು ಬೇಲಿಯ ಆಚೆ ಕೂತು ನೋಡುತ್ತಿತ್ತು. ನಾವಿಬ್ಬರು ರಿಸರ್ವ್‌ಗಳು ಮೈದಾನದ ಗೆರೆಯ ಹೊರಗೆ ಎರಡು ಮೀಟರ್ ಅಂತರದಲ್ಲಿ ಕೂತೆವು.

ಹಾಲೆಂಡಿನವಳು ಚೆನ್ನಾಗಿ ಆಡಿದಳು. ಹೊಟ್ಟೆಕಿಚ್ಚು ಪಡಲೂ ಬಿಡದಷ್ಟು ಚೆನ್ನಾಗಿ. ಅವಳಿಗೆ ಯಾವ ಅನುಮಾನವೂ ಇರಲಿಲ್ಲ, ಎಸೆಯಬೇಕೆನಿಸಿದರೆ ಎಸೆಯುತ್ತಿದ್ದಳು. ಕೊನೆಯ ನಿಮಿಷಕ್ಕೆ ಬರುವಾಗ ನಾವು ಸ್ವಲ್ಪವೇ ಹಿಂದಿದ್ದೆವು. ಚೆಂಡನ್ನು ಎದುರಿನ ಕೊನೆಯ ಗೆರೆ ಒಂದು ಸಲ ದಾಟಿಸಿದರೆ ಗೆಲುವು ನಮ್ಮದು. ಅಷ್ಟರಲ್ಲಿ ಅವಳ ಕಾಲು ಒದ್ದೆ ಹುಲ್ಲಿನಲ್ಲಿ ಜಾರಿ ಪಾದ ಹೊರಳಿತು. ಆಡುತ್ತೀಯಾ ಎಂದು ಕೋಚ್ ಕೇಳಿದರು. “ಆಗಲ್ಲ,” ಎಂದು ಒಂದೇ ಸಲ ಹೇಳಿ ಕುಂಟುತ್ತ ಹೊರಗೆ ಬಂದಳು.

ಇನ್ನು ಒಂದು ಎಸೆತಕ್ಕೆ ಮಾತ್ರ ಸಮಯವಿತ್ತು. ರೆಫರಿ ಸೀಟಿ ಊದಿ ಕೈ ಎತ್ತಿದ. ಇಪ್ಪತ್ತೈದು ಸೆಕೆಂಡಿನಲ್ಲಿ ಆಟ ಶುರು ಮಾಡಬೇಕು, ಇಲ್ಲದಿದ್ದರೆ ದಂಡ. ಕೋಚ್ ನಮ್ಮ ಕಡೆಗೆ ಓಡಿಬಂದರು.

“ಯಾರು ಹೋಗ್ತೀರಿ?”

ಈ ಒಂದು ತಿಂಗಳು ನಾನು ಕನ್ನಡಿಯ ಮುಂದೆ ನಿಂತು ಒಂದೇ ಮಾತನ್ನು ಅಭ್ಯಾಸ ಮಾಡಿದ್ದೆ. ಹೇಳಿಬಿಟ್ಟೆ. “ನಾನು.”

ಅದೇ ಕ್ಷಣದಲ್ಲಿ ಪಕ್ಕದಿಂದ ಅವನೂ “ನಾನು” ಎಂದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿ ಸಿಕ್ಕಿಬಿದ್ದ ಹಾಗಾಗಿತ್ತು. ಅವನ ಕಿವಿ ಮತ್ತೆ ಕೆಂಪಾಯಿತು.

“ಇಲ್ಲ ಇಲ್ಲ, ನೀನು ಹೋಗು,” ಎಂದೆ.

“ಛೇ, ನಾನು ಗ್ರ್ಯಾಂಡ್. ನೀನು ಹೋಗು,” ಎಂದ.

“ನಿಜವಾಗ್ಲೂ, ನೀನೇ ಹೋಗು.”

“ಎಲ್ಲಾದ್ರೂ ಉಂಟಾ, ನೀನೇ ಹೋಗು.”

ಕೋಚ್ ಇಬ್ಬರ ನಡುವೆ ನಿಂತು ಎರಡೂ ಕೈಯ ಬೆರಳುಗಳನ್ನು ಮಡಿಚುತ್ತಿದ್ದರು. ಬಲಗೈ ನನಗೆ, ಎಡಗೈ ಅವನಿಗೆ. ಅಕ್ಕ ಕಲಿಸಿದ ಪಾಠದಲ್ಲಿ ಇಬ್ಬರು ಒಟ್ಟಿಗೆ ಬೇಡ ಎಂದರೆ ಏನು ಮಾಡಬೇಕೆಂದು ಇರಲಿಲ್ಲ. “ಹೋಗ್ರೋ ಯಾರಾದ್ರೂ!” ಎಂದು ಹಾಲೆಂಡಿನವಳು ನೆಲದಲ್ಲಿ ಕೂತು ಕಿರುಚಿದಳು. ರೆಫರಿ ಸೀಟಿ ಊದಿದ. ತಡ ಮಾಡಿದ್ದಕ್ಕೆ ಐದು ಗಜ ಹಿಂದೆ.

ಡಬ್ಲಿನ್ನಿನವರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆಗ ವೆಸ್ಟ್ ಕಾರ್ಕಿನವನು, ಹಾಲೆಂಡಿನವಳು ಹೊರಗೆ ತಂದಿದ್ದ ಚೆಂಡನ್ನು ತನ್ನ ದೊಡ್ಡ ಅಂಗೈಯಲ್ಲಿ ಎತ್ತಿ ನನ್ನ ಕಡೆಗೆ ಚಾಚಿ, ಬಹಳ ಮೆಲ್ಲಗೆ, ಮೂರನೇ ಸಲ ಹೇಳಿದ.

“ಹೋಗು ಮಾರಾಯ. ಹೋಗು.”

ಇಡೀ ಮೈದಾನದಲ್ಲಿ ನನ್ನನ್ನು ಕೇಳಬೇಕಾದ ರೀತಿಯಲ್ಲಿ ಕೇಳಲು ಬಂದವನು ಅವನೊಬ್ಬನೇ. ಮೂರನೇ ಸಲ ಕೇಳಿದರೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಕೇಳಿದವರಿಗೆ ಅವಮಾನ. ನಾನು ಚೆಂಡು ತೆಗೆದುಕೊಂಡು ಗೆರೆ ದಾಟಿ ಒಳಗೆ ಓಡಿದೆ.

ಆ ಎಸೆತದ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಆಟ ಶುರುವಾಗಿ ಚೆಂಡು ನನ್ನ ಕೈಗೆ ಬಂತು. ನಮ್ಮವನೊಬ್ಬ ಎಡಗಡೆ ಒಂಟಿಯಾಗಿ ಓಡುತ್ತಿದ್ದುದು ಕಂಡಿತು. ಎಂಟು ವರ್ಷ ಬೌಂಡರಿಯಿಂದ ಎಸೆದ ಶಕ್ತಿಯನ್ನೆಲ್ಲ ಹಾಕಿ ಎಸೆದೆ. ಚೆಂಡು ಅವನ ತಲೆಯ ಮೇಲೆ, ಕೊನೆಯ ಗೆರೆಯ ಮೇಲೆ, ಬೇಲಿಯ ಮೇಲೆ, ನಾಯಿಯ ಮೇಲೆ ಹಾದು ಕಾರುಗಳ ನಡುವೆ ಎಲ್ಲೋ ಬಿತ್ತು. ನಾಯಿ ಎದ್ದು ಅದರ ಹಿಂದೆ ಹೋಯಿತು. ಪಂದ್ಯ ಮುಗಿಯಿತು, ಸೋತೆವು.

“ಅದು ಒಳ್ಳೆ ಎಸೆತ ಅಲ್ಲ,” ಎಂದಳು ಹಾಲೆಂಡಿನವಳು.

ಆದರೂ ನಾನು ಮೈದಾನದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಸೋತಿದ್ದರೂ ಒಳಗೊಳಗೆ ಕುಣಿಯುವಂತಾಗಿತ್ತು. ನಾನು ಗೆರೆಯ ಒಳಗಿದ್ದೆ. ಆಗ ಗೆರೆಯ ಹೊರಗಿನಿಂದ ಒಬ್ಬ ಓಡುತ್ತ ಬಂದ. ನನ್ನ ಬ್ಯಾಗಿನಿಂದ ನನ್ನದೇ ನೀರಿನ ಬಾಟಲಿ ತೆಗೆದು, ಮುಚ್ಚಳ ಸಡಿಲಿಸಿ, ಕೈ ಚಾಚಿ ಕೊಟ್ಟ. “ಗ್ರ್ಯಾಂಡ್ ಎಸೆತ,” ಎಂದ. ಹಾಗೆ ಬಾಟಲಿ ಹಿಡಿದು ಓಡುವುದು ಹೇಗೆ, ಮುಚ್ಚಳವನ್ನು ಮೊದಲೇ ಸಡಿಲಿಸಿ ಇಡುವುದು ಯಾಕೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನೀರು ಕುಡಿದೆ. ಪಟ್ಟಿಯಲ್ಲಿದ್ದ ಏಳು ಜನರಲ್ಲಿ ಇಡೀ ಪಂದ್ಯದಲ್ಲಿ ಒಳಗೆ ಕಾಲಿಡದೆ ಉಳಿದವನು ಅವನೊಬ್ಬನೇ ಎಂದು ನನಗೆ ಹೊಳೆದದ್ದು ಕುಡಿದು ಮುಗಿಸಿದ ಮೇಲೆ.

ಮರುದಿನ ಭಾನುವಾರ. ಅಕ್ಕನ ಗೇಟಿನಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಕೋಚಿನ ಬೆರಳುಗಳ ವಿಷಯ ಕೇಳಿ ಅಕ್ಕನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು ಕೇಳಿದರು.

“ಅವನು ನಿಂಗೆ ಎಷ್ಟು ಸಲ ಹೋಗು ಅಂದ?”

“ಮೂರು ಸಲ.”

“ನೀನು ಅವನಿಗೆ?”

ನಾನು ಮನಸ್ಸಿನಲ್ಲೇ ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

“ಎರಡು.”

ಅಕ್ಕ ನಗಲಿಲ್ಲ. ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟರು. “ಹಾಗಾದ್ರೆ ನೀನು ಉಂಡಿದ್ದು ಅವನ ಎಲೇಲಿ ಕಣೋ,” ಎಂದರು. ಅಂದು ನಾನು ಡಬ್ಬಿಗೆ ಬೇಡ ಎನ್ನಲು ಮರೆತು, ಒಂದೇ ಸಲಕ್ಕೆ ತೆಗೆದುಕೊಂಡು ಹೊರಟುಬಿಟ್ಟೆ.

ನನಗೆ ನಾಚಿಕೆಯಾಯಿತು. ಎರಡನೇ ಸಲ ಕೇಳದ ಕೋಚನ್ನು ತಿಂಗಳಿಡೀ ಮನಸ್ಸಿನಲ್ಲೇ ಬೈದವನು ನಾನು. ಮೂರು ಸಲ ಕೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ದಾರಿಯಲ್ಲಿ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಅವನಿಗೆ ಮೆಸೇಜ್ ಮಾಡಿದೆ: ನಾಳೆ ಬೆಳಿಗ್ಗೆ ಮೈದಾನಕ್ಕೆ ಬಾ, ನೀನು ಎಸಿ, ನಾನು ಓಡ್ತೀನಿ. ಛೇ, ಬೇಡ, ನಿನಗ್ಯಾಕೆ ತೊಂದರೆ ಎಂದು ಬಂತು. ಬಾ ಎಂದು ಮತ್ತೆ ಬರೆದೆ. ನಾನು ಗ್ರ್ಯಾಂಡ್, ನಾಳೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಟಿದ್ದೇನೆ, ಗಂಟುಮೂಟೆ ಕಟ್ಟಬೇಕು ಎಂದು ಬಂತು. ಮೂರನೇ ಸಲ ಬರೆದೆ. ಆಮೇಲೆ, ಹಾಗಾದರೆ ಬರುತ್ತೇನೆ, ಎಷ್ಟು ಗಂಟೆಗೆ, ಎಂದು ಬಂತು.

ಬೆಳಿಗ್ಗೆ ಖಾಲಿ ಮೈದಾನದಲ್ಲಿ ನಾವಿಬ್ಬರೇ. ಅವನು ಕ್ವಾರ್ಟರ್‌ಬ್ಯಾಕ್ ನಿಲ್ಲುವ ಜಾಗದಲ್ಲಿ ನಿಂತ. ನಾನು ಎಡಗಡೆಯಿಂದ ಓಡಿದೆ, ಶನಿವಾರದ ಪಂದ್ಯದಲ್ಲಿ ನಮ್ಮವನು ಓಡಿದ ಅದೇ ದಾರಿಯಲ್ಲಿ, ಅಷ್ಟೇ ದೂರ. ಕೊನೆಯ ಗೆರೆಯ ಹತ್ತಿರ ತಿರುಗಿ ನೋಡುವಷ್ಟರಲ್ಲಿ ಚೆಂಡು ಬಂದು ನನ್ನ ಎರಡು ಕೈಗಳ ನಡುವೆ ಕೂತಿತು. ನಾನು ಕೈ ಚಾಚಬೇಕಾಗಲೂ ಇಲ್ಲ. ಗೆರೆ ದಾಟಿದೆ. ಅಲ್ಲಿಂದಲೇ ಅವನ ಕಡೆ ತಿರುಗಿ, ಇನ್ನೊಂದು ಎಸೆಯುತ್ತೀಯಾ ಎಂದು ಕೂಗಿ ಕೇಳಿದೆ. ಮೊದಲ ಸಲಕ್ಕೇ ಹ್ಞೂಂ ಎಂದ.